ವಸೂಲಿಗೆ ಮುಂಚಿನ ದಿನಗಳು: ಅಮೆರಿಕದ ವೈದ್ಯಕೀಯ ಸಾಲ ಕುರಿತ ಒಂದು ವಿವೇಚನೆ

ಮನೆಸಾಲಕ್ಕೆ ಸಹಿ ಹಾಕುವವನಿಗೆ ಮೊತ್ತ ಗೊತ್ತಿರುತ್ತದೆ. ಅಮೆರಿಕದ ಆಸ್ಪತ್ರೆಗೆ ತುರ್ತು ಚಿಕಿತ್ಸೆಗೆಂದು ಬಂದವನಿಗೆ ಅದು ಗೊತ್ತಿರುವುದಿಲ್ಲ. ವಿಮಾ ಕಂಪನಿ ತನ್ನ ಪಾಲನ್ನು ತೀರ್ಮಾನಿಸಿದ ಮೇಲಷ್ಟೇ ರೋಗಿಯ ಪಾಲು ಎಷ್ಟೆಂದು ತಿಳಿಯುತ್ತದೆ. ಬಯಸದೆ, ಬೆಲೆ ಕೇಳದೆ ಹೊತ್ತ ಈ ಸಾಲವನ್ನು ಕ್ರೆಡಿಟ್ ಕಾರ್ಡಿನ ಬಾಕಿಯಂತೆಯೇ ವಸೂಲು ಮಾಡಲಾಗುತ್ತಿದೆ ಎಂಬುದೇ ಈ ಲೇಖನದ ಆಕ್ಷೇಪ.

ಬಾಕಿ ಬಿಲ್ಲನ್ನು ಆಸ್ಪತ್ರೆ ಕಮಿಷನ್ ಆಧಾರದಲ್ಲಿ ಏಜೆನ್ಸಿಗೆ ಒಪ್ಪಿಸುತ್ತದೆ, ಇಲ್ಲವೇ ಸಾಲವನ್ನೇ ಮಾರುತ್ತದೆ. ಹಲವು ಬಗೆಯ ಸಾಲಗಳ ಖರೀದಿಯನ್ನು ಪರಿಶೀಲಿಸಿದ ಫೆಡರಲ್ ಟ್ರೇಡ್ ಕಮಿಷನ್ನಿನ 2013ರ ವರದಿಯ ಪ್ರಕಾರ, ಖರೀದಿದಾರರು ಒಂದು ಡಾಲರ್ ಸಾಲಕ್ಕೆ ತೆತ್ತದ್ದು ಸರಾಸರಿ 4 ಸೆಂಟ್. ಹೆಚ್ಚಿನ ಖಾತೆಗಳ ಜೊತೆ ಮೂಲ ದಾಖಲೆಗಳೂ ಬಂದಿರಲಿಲ್ಲ.

ಕಾನೂನು ಇಲ್ಲವೆಂದಲ್ಲ. 1977ರ ಸಾಲ ವಸೂಲಿ ಕಾಯ್ದೆಯಂತೆ ಬೆಳಿಗ್ಗೆ 8ಕ್ಕೆ ಮೊದಲು, ರಾತ್ರಿ 9ರ ನಂತರ ಸಾಮಾನ್ಯವಾಗಿ ಫೋನ್ ಮಾಡುವಂತಿಲ್ಲ. ನೋಟಿಸ್ ಬಂದ 30 ದಿನಗಳೊಳಗೆ ರೋಗಿ ಬರವಣಿಗೆಯಲ್ಲಿ ತಕರಾರು ಎತ್ತಿದರೆ, ಸಾಲವನ್ನು ದೃಢೀಕರಿಸುವವರೆಗೆ ವಸೂಲಿ ನಿಲ್ಲಬೇಕು. ಹಕ್ಕು ರೋಗಿಯದು, ಅದನ್ನು ಅರಿತು ಚಲಾಯಿಸುವ ಹೊಣೆಯೂ, ಇನ್ನೂ ಚೇತರಿಸಿಕೊಳ್ಳುತ್ತಿರುವ ಅದೇ ರೋಗಿಯದು. ದಾವೆ ಹೂಡಿದಾಗ ಆತ ನ್ಯಾಯಾಲಯಕ್ಕೆ ಹಾಜರಾಗದಿದ್ದರೆ ಏಕಪಕ್ಷೀಯ ತೀರ್ಪು ಬರುತ್ತದೆ. ಬಳಿಕ, ಅವಕಾಶವಿರುವ ರಾಜ್ಯಗಳಲ್ಲಿ, ಕಡ್ಡಾಯ ಕಡಿತಗಳ ನಂತರ ಉಳಿಯುವ ಸಂಬಳದ ಶೇ 25ರವರೆಗೆ ಮುಟ್ಟುಗೋಲು ಹಾಕಿಕೊಳ್ಳಬಹುದು.

ಫೋನ್ ಕರೆಗಿಂತ ಆಳವಾದ ಒತ್ತಡ ಕ್ರೆಡಿಟ್ ವರದಿಯದು. ಮನೆ ಬಾಡಿಗೆಗೋ ಸಾಲಕ್ಕೋ ಅರ್ಜಿ ಹಾಕುವ ದಿನ ಹಳೆಯ ಬಿಲ್ಲು ಅಡ್ಡ ಬರುತ್ತದೆ. 2021ರ ಜೂನ್‌ನಲ್ಲಿ ಇಂಥ ವರದಿಗಳಲ್ಲಿದ್ದ ವೈದ್ಯಕೀಯ ಬಾಕಿ 8,800 ಕೋಟಿ ಡಾಲರ್ ಎಂದು ಗ್ರಾಹಕ ಹಣಕಾಸು ಸಂರಕ್ಷಣಾ ಬ್ಯೂರೋ ಲೆಕ್ಕ ಹಾಕಿತ್ತು. 2023ರಲ್ಲಿ ಮೂರು ದೊಡ್ಡ ಕ್ರೆಡಿಟ್ ಸಂಸ್ಥೆಗಳು 500 ಡಾಲರಿಗಿಂತ ಕಡಿಮೆಯ ಬಾಕಿಗಳನ್ನು ತೆಗೆದುಹಾಕಿದವು. ಉಳಿದವನ್ನೂ ಅಳಿಸಲು ಬ್ಯೂರೋ 2025ರ ಜನವರಿಯಲ್ಲಿ ರೂಪಿಸಿದ ನಿಯಮವನ್ನು ಟೆಕ್ಸಸ್‌ನ ಫೆಡರಲ್ ನ್ಯಾಯಾಲಯ ಅದೇ ಜುಲೈನಲ್ಲಿ ರದ್ದುಪಡಿಸಿತು.

ಹಾಗಾದರೆ ಸಾಲ ಮನ್ನಾ? 2018ರಿಂದ 2020ರವರೆಗೆ 83,401 ಜನರ 16.9 ಕೋಟಿ ಡಾಲರ್ ಸಾಲವನ್ನು ತೀರಿಸಿ ನಡೆಸಿದ ಪ್ರಯೋಗದಲ್ಲಿ, ಸರಾಸರಿಯಾಗಿ ಅವರ ಮಾನಸಿಕ ಆರೋಗ್ಯವಾಗಲಿ ಹಣಕಾಸಿನ ಸ್ಥಿತಿಯಾಗಲಿ ಸುಧಾರಿಸಲಿಲ್ಲ. ಇದರಿಂದ ಮನ್ನಾ ವ್ಯರ್ಥವೆಂಬ ತೀರ್ಮಾನಕ್ಕೆ ಬರುವುದು ಅವಸರವಾದೀತು. ನನ್ನ ಓದಿನಲ್ಲಿ ಅದು ಹೇಳುವುದು ಇಷ್ಟು: ಬಿಲ್ಲು ವಸೂಲಿಯ ಹಂತಕ್ಕೆ ಬರುವಷ್ಟರಲ್ಲಿ ಆಗಬೇಕಾದ ಹಾನಿ ಬಹುಮಟ್ಟಿಗೆ ಆಗಿಹೋಗಿರುತ್ತದೆ.

ಆದ್ದರಿಂದ ಸುಧಾರಣೆ ಏಜೆನ್ಸಿಯ ಬಾಗಿಲಲ್ಲಲ್ಲ, ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ ಶುರುವಾಗಬೇಕು. ತೆರಿಗೆ ಸಂಹಿತೆಯ 501(ಆರ್) ಕಲಮು ಈ ದಿಕ್ಕಿನದೇ: ದಾವೆಯಂಥ ಕಠಿಣ ಕ್ರಮಕ್ಕೆ ಮುನ್ನ ಆಸ್ಪತ್ರೆ ಮೊದಲ ಬಿಲ್ಲಿನಿಂದ ಕನಿಷ್ಠ 120 ದಿನ ಕಾಯಬೇಕು, ರೋಗಿ ನೆರವಿಗೆ ಅರ್ಹನೇ ಎಂದು ಪರಿಶೀಲಿಸಲು ಯತ್ನಿಸಬೇಕು. ನೆರವಿನ ಅರ್ಜಿಗೆ 240 ದಿನಗಳ ಅವಕಾಶವೂ ಇದೆ. ಆದರೆ ಅದು ತೆರಿಗೆ ವಿನಾಯಿತಿ ಪಡೆದ ಲಾಭರಹಿತ ಆಸ್ಪತ್ರೆಗಳಿಗಷ್ಟೇ ಅನ್ವಯ. ಲಾಭಕ್ಕಾಗಿ ನಡೆಯುವ ಆಸ್ಪತ್ರೆಗಳು ಅದರ ಹೊರಗಿವೆ.