ಮೂರನೆಯ ಪಿನ್ನಿನ ಚರಿತ್ರೆ

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. 1905ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿತು. ಯಾವ ಊರಿನಲ್ಲಿ ನೆಲೆಸಿದ್ದರೂ ಕನ್ನಡಿಗರಾದ ನಾವು ಈ ಎರಡು ಇಸವಿಗಳನ್ನು ಅಭಿಮಾನದಿಂದ ನೆನೆಯುತ್ತೇವೆ. ಆದರೆ ವಿದ್ಯುತ್ತಿಗೆ ಇನ್ನೊಂದು ಚರಿತ್ರೆಯೂ ಇದೆ. ಅದು ಆ ಶಕ್ತಿಯನ್ನು ಬಳಸುವ ಕೈಗಳನ್ನು ಕಾಪಾಡಲು ನಡೆದ ಪ್ರಯತ್ನಗಳ ಚರಿತ್ರೆ. ಅದಕ್ಕೆ ಶತಮಾನೋತ್ಸವಗಳಿಲ್ಲ.

ವಿದ್ಯುತ್ತು ದೀಪಕ್ಕಷ್ಟೇ ಮೀಸಲಾಗಿದ್ದಾಗ ಅದು ಚಾವಣಿಯಿಂದ ತೂಗುತ್ತಿತ್ತು. ಕೈ ತಗಲುವ ಸಂದರ್ಭ ಕಡಿಮೆ. ಉಪಕರಣಗಳು ಬಂದ ಮೇಲೆ ಸ್ಥಿತಿ ಬದಲಾಯಿತು. 1895ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನ ಫೈನ್ ಸಂಸ್ಥೆ ಕೈಯಲ್ಲಿ ಹಿಡಿಯಬಲ್ಲ ವಿದ್ಯುತ್ ಡ್ರಿಲ್ ತಯಾರಿಸಿತು. 1917ರಲ್ಲಿ ಅಮೆರಿಕದ ಬ್ಲ್ಯಾಕ್ ಅಂಡ್ ಡೆಕ್ಕರ್ ಸಂಸ್ಥೆ ಪಿಸ್ತೂಲಿನ ಹಿಡಿ ಮತ್ತು ಕುದುರೆಯುಳ್ಳ ಡ್ರಿಲ್ಲಿಗೆ ಪೇಟೆಂಟ್ ಪಡೆಯಿತು. ಅಂದಿನ ಇಂಥ ಉಪಕರಣಗಳ ಕವಚ ಲೋಹದ್ದು. ಒಳಗಿನ ತಂತಿಯ ಹೊದಿಕೆ ಸವೆದರೆ ಇಡೀ ಕವಚದಲ್ಲಿ ವಿದ್ಯುತ್ತು. ಅದನ್ನು ಬಿಗಿಯಾಗಿ ಹಿಡಿದ ಕೈಯ ಸ್ನಾಯುಗಳನ್ನು ಆ ಪ್ರವಾಹವೇ ಇನ್ನಷ್ಟು ಬಿಗಿಸುತ್ತದೆ, ಬಿಡಬೇಕೆಂದರೂ ಬಿಡಲಾಗದು.

ಇದಕ್ಕೆ ಕಂಡುಕೊಂಡ ಪರಿಹಾರವೇ ಮೂರನೆಯ ತಂತಿ. 1928ರಲ್ಲಿ ಅಮೆರಿಕದ ಫಿಲಿಪ್ ಲಾಬ್ರೆ ಅರ್ಥಿಂಗ್ ಇರುವ ಪ್ಲಗ್ಗಿಗೆ ಪೇಟೆಂಟ್ ಪಡೆದರು. 1934ರಲ್ಲಿ ಬ್ರಿಟನ್ ಪ್ರಕಟಿಸಿದ ಬಿಎಸ್ 546 ಎಂಬ ಮಾನಕದಲ್ಲಿ ದುಂಡನೆಯ ಮೂರು ಪಿನ್ನುಗಳ ಪ್ಲಗ್ ರೂಪುಗೊಂಡಿತು. ಇಂದು ನಮ್ಮ ಗೋಡೆಗಳ ಮೇಲಿರುವ ಥ್ರೀ ಪಿನ್ ಸಾಕೆಟ್ಟಿನ ಪೂರ್ವಜ ಅದೇ. ಅದರ ಮೂರನೆಯ ಪಿನ್ನು ಉಳಿದೆರಡಕ್ಕಿಂತ ಉದ್ದ; ಸಿಕ್ಕಿಸುವಾಗ ಮೊದಲು ಒಳಹೊಕ್ಕು, ತೆಗೆಯುವಾಗ ಕೊನೆಗೆ ಹೊರಬರುತ್ತದೆ. ಉಪಕರಣಕ್ಕೆ ವಿದ್ಯುತ್ತು ಬರುವ ಮೊದಲೇ ನೆಲದ ದಾರಿ ಸಿದ್ಧವಾಗಿರಬೇಕೆಂಬುದು ಇದರ ಉದ್ದೇಶ. ಕವಚಕ್ಕೆ ಹರಿದ ವಿದ್ಯುತ್ತು ಆ ದಾರಿಯಲ್ಲಿ ನುಗ್ಗಿದಾಗ ಫ್ಯೂಸ್ ಕರಗುತ್ತದೆ.

ಆದರೂ ಒಂದು ಕೊರತೆ ಉಳಿದಿತ್ತು. ಫ್ಯೂಸ್ ಎಚ್ಚರಗೊಳ್ಳಲು ಹಲವು ಆಂಪಿಯರ್ ಬೇಕು. ಮನುಷ್ಯನ ಹೃದಯದ ಲಯ ತಪ್ಪಿಸಲು ಕೆಲವು ಹತ್ತು ಮಿಲಿಆಂಪಿಯರ್ ಸಾಕು. ಈ ಅಂತರವನ್ನು ತುಂಬಿದ ಸಾಧನವೂ ಚಿನ್ನದ ಗಣಿಗಳ ನಂಟಿನಿಂದಲೇ ಹುಟ್ಟಿತು. ದಕ್ಷಿಣ ಆಫ್ರಿಕಾದ ಗಣಿಗಳಲ್ಲಿನ ವಿದ್ಯುತ್ ಅಪಾಯಗಳನ್ನು ತಡೆಯಲು ಹೆನ್ರಿ ರೂಬಿನ್ 1955-56ರಲ್ಲಿ ಸೂಕ್ಷ್ಮವಾದ ಸ್ವಿಚ್ಚೊಂದನ್ನು ರೂಪಿಸಿದರು. ಸ್ಟಿಲ್ಫಾಂಟೈನ್ ಎಂಬ ಊರಿನಲ್ಲಿ ಮಹಿಳೆಯೊಬ್ಬರು ಮನೆಯಲ್ಲಿ ಶಾಕ್ ಹೊಡೆದು ಸತ್ತ ಬಳಿಕ, ಅಲ್ಲಿನ ಗಣಿ ವಸತಿಯ ಮನೆಗಳಲ್ಲಿ 20 ಮಿಲಿಆಂಪಿಯರಿನ ನೂರಾರು ಸ್ವಿಚ್ಚುಗಳನ್ನು ಅಳವಡಿಸಲಾಯಿತು. 1961ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಚಾರ್ಲ್ಸ್ ಡಾಲ್ಜಿಯಲ್ ಇನ್ನೂ ಸೂಕ್ಷ್ಮವಾದುದನ್ನು ರೂಪಿಸಿದರು. ತತ್ತ್ವ ಸರಳ: ಹೋದ ವಿದ್ಯುತ್ತೆಲ್ಲ ಹಿಂದಿರುಗಬೇಕು. ಲೆಕ್ಕ ತಪ್ಪಿದರೆ ಅದು ಯಾರದೋ ಮೈ ಮೂಲಕ ನೆಲಕ್ಕೆ ಹರಿಯುತ್ತಿರಬಹುದು; ಸ್ವಿಚ್ಚು ಕ್ಷಣಾರ್ಧದಲ್ಲಿ ಪ್ರವಾಹವನ್ನು ಕಡಿಯುತ್ತದೆ. ಇಂದು ನಾವು ಆರ್‌ಸಿಸಿಬಿ ಎನ್ನುವುದು ಇದನ್ನೇ.

ಅದೇ 1961ರಲ್ಲಿ ಬ್ಲ್ಯಾಕ್ ಅಂಡ್ ಡೆಕ್ಕರ್ ಬ್ಯಾಟರಿಯ ಡ್ರಿಲ್ಲನ್ನು ಹೊರತಂದಿತು. ಉಪಕರಣದಿಂದ ತಂತಿ ಕಳಚಿತು. ಅಪಾಯ ಚಾರ್ಜರಿನ ಬಳಿಗೆ ಸರಿಯಿತು. ಚಾರ್ಜರಿಗೆ ಎರಡೇ ಪಿನ್ನಿದ್ದರೆ ಅದು ದೋಷವಲ್ಲ. ಚೌಕದೊಳಗೊಂದು ಚೌಕದ ಗುರುತಿದ್ದರೆ ಅದಕ್ಕೆ ಇಮ್ಮಡಿ ಹೊದಿಕೆಯಿದೆ ಎಂದರ್ಥ. ಸಮಸ್ಯೆ ಇರುವುದು ಅದನ್ನು ಸಿಕ್ಕಿಸುವ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ.

ಮುಂಬಯಿ, ಪುಣೆ, ಚೆನ್ನೈಗಳ ಹಳೆಯ ಬಾಡಿಗೆ ಮನೆಗಳಲ್ಲಿ ಸಾಕೆಟ್ಟುಗಳು ಬೆರಳೆಣಿಕೆಯಷ್ಟು. ಅಲ್ಲಿ ಒಂದು ಬೋರ್ಡಿಗೆ ಇನ್ನೊಂದು ಬೋರ್ಡು ಜೋತುಬೀಳುತ್ತದೆ. ಬಡಗಿಯ ಯಂತ್ರಕ್ಕೆಂದು ಎರಡೇ ಎಳೆಯ ವೈರನ್ನು ಎಳೆದು, ತೆರೆದ ತುದಿಗಳನ್ನು ಬೆಂಕಿಕಡ್ಡಿಯಿಂದ ಸಾಕೆಟ್ಟಿನಲ್ಲಿ ಬಿಗಿಸುವುದುಂಟು. ಅಗ್ಗದ ಬೋರ್ಡುಗಳಲ್ಲಿ ಮೂರು ತೂತುಗಳಿದ್ದರೂ ಒಳಗೆ ಮೂರನೆಯ ತಂತಿಯೇ ಇಲ್ಲದಿರುವುದುಂಟು. ಆ ಕ್ಷಣದಲ್ಲಿ ಮನೆ ಮೂರನೆಯ ಪಿನ್ನು ಹುಟ್ಟುವ ಮುಂಚಿನ ಕಾಲಕ್ಕೆ ಮರಳುತ್ತದೆ.

ಬಿಸಿಯ ಲೆಕ್ಕವೂ ಇದೆ. ಪ್ರವಾಹ ಎರಡು ಪಟ್ಟಾದರೆ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಕು ಪಟ್ಟು. 230 ವೋಲ್ಟಿನಲ್ಲಿ 6 ಆಂಪಿಯರಿನ ಬೋರ್ಡು ತಾಳುವುದು ಸುಮಾರು 1380 ವ್ಯಾಟ್. ಸಣ್ಣ ಚಾರ್ಜರ್ ಅದಕ್ಕೆ ಭಾರವಲ್ಲ. ಅದರ ಪಕ್ಕದಲ್ಲಿ ಸಿಕ್ಕಿಸುವ ಹೀಟರ್ ಭಾರ. ಸುರುಳಿ ಸುತ್ತಿಟ್ಟ ವೈರಿನಲ್ಲಿ ಆ ಶಾಖ ಹೊರಹೋಗಲಾರದೆ ಹೊದಿಕೆಯನ್ನೇ ಕರಗಿಸುತ್ತದೆ.

ಆದ್ದರಿಂದ ಮೂರು ಎಳೆಯ ವೈರಿನ ಬೋರ್ಡನ್ನೇ ಕೊಳ್ಳೋಣ. ಭಾರದ ಯಂತ್ರ ನಡೆಸುವಾಗ ಸುರುಳಿಯನ್ನು ಪೂರ್ತಿ ಬಿಚ್ಚೋಣ. ಚಾರ್ಜರನ್ನು ಹಾಸಿಗೆಯ ಮೇಲಿಡದೆ ಗಟ್ಟಿ ನೆಲದ ಮೇಲಿಡೋಣ. ಬಾಡಿಗೆಗೆ ಮನೆ ನೋಡುವಾಗ ನೀರು ಎಷ್ಟು ಹೊತ್ತು ಬರುತ್ತದೆಂದು ಕೇಳುವ ನಾವು, ಅರ್ಥಿಂಗ್ ಸರಿಯಿದೆಯೇ, ಆರ್‌ಸಿಸಿಬಿ ಇದೆಯೇ ಎಂದೂ ಕೇಳಬೇಕು. ಇದ್ದರೆ ಅದರ ‘ಟೆಸ್ಟ್’ ಗುಂಡಿಯನ್ನು ಆಗಾಗ ಒತ್ತಿ ನೋಡಬೇಕು. ಸ್ಟಿಲ್ಫಾಂಟೈನಿನ ಮನೆಗಳಿಗೆ ಆ ಸ್ವಿಚ್ಚು ಬಂದದ್ದು ಒಂದು ಸಾವಿನ ನಂತರ. ನಮ್ಮ ಮನೆಗಳಿಗೆ ಅದು ಮೊದಲೇ ಬರಬಹುದು.