ಕೌದಿಯ ಮೂಲೆಯಲ್ಲಿ ಒಂದು ಹೆಸರು



ಪೋಸ್ಟ್ ಉದ್ದ ಇದೆ. ಬಿಡುವಾದಾಗ ಓದಿ, ಪರವಾಗಿಲ್ಲ. ಈ ಸಲ ಮೀಸಲಾತಿ ಬಗ್ಗೆ ಅಲ್ಲ, ಒಳಮೀಸಲಾತಿ ಬಗ್ಗೆನೂ ಅಲ್ಲ. ಒಂದು ಕೌದಿ ಬಗ್ಗೆ. ಕೊನೆಗೆ ಎಲ್ಲಾ ಒಂದೇ ಕಡೆ ಬಂದು ನಿಲ್ಲುತ್ತೆ, ಅದು ಬೇರೆ ಮಾತು.

ಎರಡು ವರ್ಷದ ಹಿಂದೆ ಅರಕಲಗೂಡು ತಾಲ್ಲೂಕಿನ ನಮ್ಮ ಊರಿಗೆ ಒಬ್ಬರು ಬಂದಿದ್ದರು. ವಸ್ತ್ರ ವಿನ್ಯಾಸಕರಂತೆ. ನಮ್ಮ ಕೇರಿಯ ಹೆಂಗಸರು ಹೊಲಿದ ಕೌದಿಗಳನ್ನೆಲ್ಲ ಅಂಗಳದಲ್ಲಿ ಹರವಿಸಿ ಫೋಟೋ ತೆಗೆದುಕೊಂಡರು. ನಮ್ಮ ಮನೇಲಿ ಟೀ ಕುಡಿದರು. ಅವ್ವನಿಗೆ ಅದೇ ದೊಡ್ಡ ಖುಷಿ. ಅವ್ವನ ಕೌದಿಯ ನಡುವೆ ಎಂಟು ಮೂಲೆಯ ಒಂದು ನಕ್ಷತ್ರ ಇದೆ. ಅಪ್ಪನ ಖಾಕಿ ಚಡ್ಡಿ, ನನ್ನ ಹೈಸ್ಕೂಲ್ ಅಂಗಿ, ತಂಗಿಯ ಲಂಗ, ಅಜ್ಜಿಯ ಕೊನೇ ಸೀರೆ ಎಲ್ಲಾ ಸೇರಿ ಆಗಿರೋ ನಕ್ಷತ್ರ. ಆರು ತಿಂಗಳಾದ ಮೇಲೆ ಮೊಬೈಲಿನಲ್ಲಿ ಒಂದು ಜಾಹೀರಾತು ಕಂಡಿತು. ಅದೇ ನಕ್ಷತ್ರ, ಅದೇ ಬಣ್ಣದ ಜೋಡಣೆ, ಮೂಲೆಯಲ್ಲಿ ಅವ್ವನಿಗೆ ಬಟ್ಟೆ ಸಾಲದೆ ಹಾಕಿದ್ದ ಬೇರೆ ಬಣ್ಣದ ತುಂಡೂ ಅದೇ. ಕೆಳಗೆ ‘ಹೊಯ್ಸಳ ವಾಸ್ತುಶಿಲ್ಪದಿಂದ ಪ್ರೇರಿತ ವಿನ್ಯಾಸ’ ಅಂತ ಬರೆದಿದ್ದರು.

ಸಿಟ್ಟು ಬಂತು. ಜೊತೆಗೆ ಒಂದು ಪ್ರಶ್ನೆನೂ ಬಂತು. ಈ ನಕ್ಷತ್ರ ಯಾರದು?

ಅವರು ಬರೆದದ್ದು ಪೂರಾ ಸುಳ್ಳು ಅಂತ ಹೇಳೋಕಾಗಲ್ಲ. ನಮ್ಮ ಹಾಸನ ಜಿಲ್ಲೆ ತುಂಬ ಕಲ್ಲಿನ ನಕ್ಷತ್ರಗಳಿವೆ. 1117ರ ಬೇಲೂರು ದೇವಸ್ಥಾನ ನಿಂತಿರೋ ಜಗತಿಯನ್ನೇ ನೋಡಿ, ಮೂಲೆ ಮೂಲೆಯಾಗಿ ನಕ್ಷತ್ರದ ಹಾಗೆ ಚಾಚಿಕೊಂಡಿದೆ. ಅರಸೀಕೆರೆಯ ಈಶ್ವರ ದೇವಾಲಯ, ಚನ್ನರಾಯಪಟ್ಟಣ ತಾಲ್ಲೂಕು ನುಗ್ಗೇಹಳ್ಳಿಯ ಸದಾಶಿವ ದೇವಾಲಯ, ಇವುಗಳ ತಳವಿನ್ಯಾಸವೂ ನಕ್ಷತ್ರವೇ. ಲೆಕ್ಕ ಬಹಳ ಸುಲಭ. ಒಂದು ಚೌಕ ಬರೆಯಿರಿ. ಅದರ ನಡುಬಿಂದು ಅಲುಗಾಡದ ಹಾಗೆ ಇಟ್ಟುಕೊಂಡು 45 ಡಿಗ್ರಿ ತಿರುಗಿಸಿ ಇನ್ನೊಂದು ಚೌಕ ಬರೆಯಿರಿ. ಎಂಟು ಮೂಲೆ ಬಂತು. ಇಪ್ಪತ್ತೆರಡೂವರೆ ಡಿಗ್ರಿಯಂತೆ ತಿರುಗಿಸುತ್ತಾ ನಾಲ್ಕು ಚೌಕ ಬರೆದರೆ ಹದಿನಾರು ಮೂಲೆ. ಸೋಮನಾಥಪುರದ್ದು ಹದಿನಾರು ಮೂಲೆಯ ನಕ್ಷತ್ರ. ಒಂದು ಗೂಟ, ಒಂದು ಹಗ್ಗ ಇದ್ದರೆ ನೆಲದ ಮೇಲೆ ಬರೆಯಬಹುದು.

ನುಗ್ಗೇಹಳ್ಳಿಯ ಇನ್ನೊಂದು ಗುಡಿ ನನಗೆ ಬಹಳ ಮುಖ್ಯ. ಅಲ್ಲಿನ ಲಕ್ಷ್ಮೀನರಸಿಂಹ ದೇವಾಲಯ ಕಟ್ಟಿದ್ದು 1246ರಲ್ಲಿ, ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ್ದು. ಅಲ್ಲಿ ಶಿಲ್ಪಿಗಳು ಸಹಿ ಹಾಕಿದ್ದಾರೆ. ಒಂದು ಬದಿ ಬೈಚೋಜ, ಇನ್ನೊಂದು ಬದಿ ಮಲ್ಲಿತಮ್ಮ. ಎಂಟುನೂರು ವರ್ಷ ಹತ್ತಿರ ಬಂದರೂ ಆ ಹೆಸರು ಹಾಗೇ ಇವೆ. ಕೆಲಸ ಮಾಡಿದವನ ಹೆಸರು ಕೆಲಸದ ಮೇಲೆ ಇರಬೇಕು ಅನ್ನೋದು ಈ ನೆಲಕ್ಕೆ ಗೊತ್ತಿಲ್ಲದ ವಿಷಯ ಅಲ್ಲ. ಯಾರ ಹೆಸರು ಇರಬೇಕು, ಯಾರದು ಇರಬಾರದು ಅನ್ನೋದರಲ್ಲಿ ಮಾತ್ರ ಜಾತಿ ಬರುತ್ತೆ.

ಇದಕ್ಕೆ ಬೇಲೂರಿಂದಲೇ ಒಂದು ಉದಾಹರಣೆ ಕೊಡ್ತೀನಿ. ಬಿ.ಎಲ್. ರೈಸ್ ಮೈಸೂರು ಗೆಜೆಟಿಯರ್‌ನಲ್ಲಿ ದಾಖಲಿಸಿದ್ದಾನೆ. ಬೇಲೂರಿನ ಚೆನ್ನಿಗರಾಯ ಬಾಬಾಬುಡನ್ ಗಿರಿಯಲ್ಲಿರೋ ದೇವಿಯನ್ನ ನೋಡೋಕೆ ಹೋಗ್ತಾನಂತೆ. ಅದಕ್ಕೆ ಗುಡಿಯಲ್ಲಿ ದೊಡ್ಡ ಜೋಡು ಇಟ್ಟಿರ್ತಾರೆ. ಜೋಡು ಸವೆದರೆ ಚನ್ನಗಿರಿ ಮತ್ತು ಬಸವಾಪಟ್ಟಣದ ಮೋಚಿಗಳಿಗೆ ಕನಸಲ್ಲಿ ಗೊತ್ತಾಗುತ್ತೆ. ಅವರು ಹೊಸ ಜೋಡು ಹೊಲಿದು ತರ್ತಾರೆ. ಅದನ್ನು ಒಪ್ಪಿಸೋಕೆ ಅಂತ ಗುಡಿಯ ಅಂಗಳದೊಳಗೆ ಅವರನ್ನ ಬಿಡ್ತಾರೆ. ಅಂದರೆ ದೇವರ ಕಾಲಿನ ಅಳತೆ ಗೊತ್ತಿದ್ದವರು ನಮ್ಮವರು. ಬಾಗಿಲು ತೆಗೀತಿದ್ದದ್ದು ಜೋಡು ಸವೆದಾಗ ಮಾತ್ರ. ಹಳೇ ಕಾಲದ ಕತೆ ಅಂತ ಬಿಡೋಣ ಅಂದ್ರೆ ಬಿಡೋಕಾಗಲ್ಲ. 2015ರಲ್ಲಿ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ಗುಡಿಯೊಳಗೆ ಹೋದ ದಲಿತ ಹೆಣ್ಣುಮಕ್ಕಳಿಗೆ ದಂಡ ಹಾಕಿದ ಸುದ್ದಿ ಇಡೀ ರಾಜ್ಯ ಓದಿದೆ. ಚನ್ನರಾಯಪಟ್ಟಣ ತಾಲ್ಲೂಕಿನ ದಿಂಡಗೂರಲ್ಲಿ ನಮ್ಮವರು ಅಧಿಕಾರಿಗಳ ಸಮ್ಮುಖದಲ್ಲಿ ಗುಡಿ ಪ್ರವೇಶ ಮಾಡಿದ್ದು 2021ರಲ್ಲಿ. ಮೊನ್ನೆ ಮೊನ್ನೆ.

ಈಗ ಕೌದಿಗೆ ಬರ್ತೀನಿ.

ಚಿಂದಿ ಬಟ್ಟೆಗೂ ನಮಗೂ ಇರೋ ಸಂಬಂಧ ಎಲ್ಲಿಂದ ಶುರುವಾಯ್ತು? ಮನುಸ್ಮೃತಿಯ ಹತ್ತನೇ ಅಧ್ಯಾಯ ತೆಗೆದು ನೋಡಿ. ಚಾಂಡಾಲರು ಊರಾಚೆ ಇರಬೇಕು, ಹೆಣದ ಮೇಲಿನ ಬಟ್ಟೆನೇ ಅವರ ಉಡುಪಾಗಬೇಕು ಅಂತ ಅಲ್ಲಿದೆ. ಬಾಬಾಸಾಹೇಬರು 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಆ ಪುಸ್ತಕ ಸುಟ್ಟಿದ್ದು ಸುಮ್ಮನೆ ಅಲ್ಲ.

ಆದರೆ ಅದೇ ಬಟ್ಟೆಗೆ ಇನ್ನೊಂದು ಚರಿತ್ರೆ ಇದೆ. ಬುದ್ಧನ ಭಿಕ್ಕುಗಳು ತೊಡುತ್ತಿದ್ದದ್ದು ಪಂಸುಕೂಲ ಚೀವರ. ಕಸದ ಗುಡ್ಡೆಯಿಂದ, ದಾರಿಯಿಂದ, ಮಸಣದಿಂದ ಆಯ್ದ ಬಟ್ಟೆ ತುಂಡುಗಳನ್ನ ತೊಳೆದು ಹೊಲಿದ ಬಟ್ಟೆ. ವಿನಯ ಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗ ಬರುತ್ತೆ. ಮಗಧದ ದಾರಿಯಲ್ಲಿ ನಡೆದು ಹೋಗುವಾಗ ಬುದ್ಧ ಗದ್ದೆಗಳನ್ನ ನೋಡ್ತಾನೆ. ಬದು ಹಾಕಿ ಚೌಕ ಚೌಕವಾಗಿ ಕಟ್ಟಿದ ಗದ್ದೆಗಳು. ಭಿಕ್ಕುಗಳ ಚೀವರವನ್ನ ಈ ಥರ ಮಾಡೋಕಾಗುತ್ತಾ ಅಂತ ಆನಂದನನ್ನ ಕೇಳ್ತಾನೆ. ಆನಂದ ತುಂಡುಗಳನ್ನ ಆ ಪ್ರಕಾರ ಜೋಡಿಸಿ ತಂದು ತೋರಿಸ್ತಾನೆ. ಬುದ್ಧ ಆನಂದನ ಜಾಣತನವನ್ನ ಎಲ್ಲರ ಮುಂದೆ ಹೊಗಳ್ತಾನೆ.

ನಾನು ಇದನ್ನ ಓದಿದ ದಿನ ಪುಸ್ತಕ ಮುಚ್ಚಿ ಸುಮ್ಮನೆ ಕೂತಿದ್ದೆ. ಮಸಣದ ಬಟ್ಟೆ ಮನುವಿನ ಕೈಯಲ್ಲಿ ಶಿಕ್ಷೆ, ಬುದ್ಧನ ಹತ್ತಿರ ಗೌರವ. ಮತ್ತೆ, ಡಿಸೈನ್ ಮಾಡಿದವನ ಹೆಸರನ್ನ ಬುದ್ಧ ಮರೆಸಲಿಲ್ಲ. ಎರಡೂವರೆ ಸಾವಿರ ವರ್ಷ ಆದರೂ ಅದು ಆನಂದನ ಕೆಲಸ ಅಂತಲೇ ನಮಗೆ ಗೊತ್ತು.

ನಮ್ಮ ರಾಜ್ಯದಲ್ಲೇ ಉತ್ತರ ಕನ್ನಡದ ಸಿದ್ದಿಗಳಿದ್ದಾರೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆ. ಆಫ್ರಿಕಾದಿಂದ ಗುಲಾಮರಾಗಿ ಬಂದವರ ಸಂತತಿ ಅವರಲ್ಲಿ ಬಹಳ. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. ಸಿದ್ದಿ ಹೆಂಗಸರು ಹೊಲಿಯೋ ಕೌದಿಗಳು ಈಗ ವಿದೇಶದ ಮ್ಯೂಸಿಯಂ ತನಕ ಹೋಗಿವೆ. ಅವರು ಒಂದು ಮೂಲೆಯಿಂದ ಶುರು ಮಾಡಿ ಅಂಚಿನಲ್ಲೇ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದು ಮುಗಿಸ್ತಾರೆ. ನಾಲ್ಕು ಮೂಲೆಗೂ ಮಡಿಚಿದ ಬಟ್ಟೆಯ ಹೂವು ಇಡಬೇಕು, ಇಲ್ಲದಿದ್ದರೆ ಕೌದಿ ಬೆತ್ತಲೆ ಅಂತ ಅವರ ಮಾತು.

ಅಮೆರಿಕದಲ್ಲಿ ಹ್ಯಾರಿಯೆಟ್ ಪವರ್ಸ್ ಅಂತ ಒಬ್ಬಳು ತಾಯಿ ಇದ್ದಳು. 1837ರಲ್ಲಿ ಜಾರ್ಜಿಯಾದಲ್ಲಿ ಗುಲಾಮಳಾಗಿ ಹುಟ್ಟಿದವಳು. ಅವಳು ಬಟ್ಟೆ ತುಂಡುಗಳಲ್ಲಿ ಬೈಬಲ್ ಕತೆಗಳನ್ನ ಹೊಲಿದಳು, ಜೊತೆಗೆ 1833ರ ನವೆಂಬರ್‌ನಲ್ಲಿ ಆಕಾಶದಿಂದ ಉಲ್ಕೆಗಳ ಮಳೆ ಸುರಿದ ರಾತ್ರಿಯನ್ನೂ ಹೊಲಿದಳು. ಅದು ಅವಳು ಹುಟ್ಟೋಕೂ ಮೊದಲು ನಡೆದದ್ದು, ಜನರ ಬಾಯಲ್ಲಿ ಕೇಳಿದ್ದು. ಒಬ್ಬ ಬಿಳಿ ಹೆಂಗಸು ಅವಳ ಮೊದಲ ಕೌದಿಯನ್ನ ಕೊಳ್ಳೋಕೆ ಬಂದಾಗ ಕೊಡಲ್ಲ ಅಂದಳು. ಆಮೇಲೆ ಕಷ್ಟ ಬಂತು. ಹತ್ತು ಡಾಲರ್ ಕೇಳಿ ಕೊನೆಗೆ ಐದು ಡಾಲರ್‌ಗೆ ಮಾರಿದಳು. ಇವತ್ತು ಅದು ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ. ಆದರೆ ಒಂದು ಮಾತು. ಪ್ರತಿ ಚಿತ್ರದ ಅರ್ಥ ಏನು ಅಂತ ಅವಳು ಹೇಳಿದ್ದನ್ನ ಕೊಂಡವಳು ಬರೆದಿಟ್ಟುಕೊಂಡಳು. ಹಾಗಾಗಿ ಹೆಸರು ಉಳೀತು. ಬರೆದಿಡದೆ ಹೋದ ಸಾವಿರಾರು ಹೆಂಗಸರ ಕೌದಿಗಳು ‘ಜನಪದ ಕಲೆ’ ಅಂತಾಗಿ ಮುಗಿದವು. ಹೆಸರಿಲ್ಲದವರ ಕೆಲಸಕ್ಕೆ ಮೇಲಿನವರು ಇಡೋ ಹೆಸರು ಅದು: ಜನಪದ, ಪಾರಂಪರಿಕ, ಪ್ರೇರಿತ.

ಸರಿ, ಈಗ ನನ್ನ ಸಾಹಸ ಕೇಳಿ.

ನಾನು ಹಾಸನದಲ್ಲಿ ಗುಮಾಸ್ತ. ದಿನಾ ಎಕ್ಸೆಲ್ ಜೊತೆ ಬದುಕೋನು. ಅವರು ಕಂಪ್ಯೂಟರಲ್ಲಿ ಮಾಡಬಹುದಾದರೆ ನಾವ್ಯಾಕೆ ಮಾಡಬಾರದು ಅಂತ ಹಠ ಬಂತು. ಕೌದಿ ಡಿಸೈನಿಗೇ ಅಂತ ಎಲೆಕ್ಟ್ರಿಕ್ ಕ್ವಿಲ್ಟ್ ಅನ್ನೋ ಸಾಫ್ಟ್‌ವೇರ್ 1991ರಿಂದ ಅಮೆರಿಕದಲ್ಲಿದೆ. ದುಡ್ಡು ಕೊಟ್ಟು ಕೊಳ್ಳಬೇಕು. ಇಂಕ್‌ಸ್ಕೇಪ್ ಪುಕ್ಕಟೆ, ಅದನ್ನೇ ಮನೆಯ ಹಳೇ ಕಂಪ್ಯೂಟರಿಗೆ ಹಾಕಿಕೊಂಡೆ. ಮೊದಲು ಎಂಟು ವಜ್ರಾಕೃತಿ ಬರೆದೆ. ಒಂದೊಂದರ ಚೂಪು ಮೂಲೆ 45 ಡಿಗ್ರಿ. ಎಂಟು ಸೇರಿದರೆ 360, ಸುತ್ತು ಪೂರ್ತಿ. ಬಣ್ಣ ತುಂಬಿದೆ. ಪರದೆ ಮೇಲೆ ಎಷ್ಟು ಚಂದ ಕಂಡಿತು ಅಂದ್ರೆ ನನಗೇ ನಂಬೋಕಾಗಲಿಲ್ಲ. ಬಣ್ಣದ ಪ್ರಿಂಟ್ ತೆಗೆಸಿ ಊರಿಗೆ ಒಯ್ದೆ.

ಅವ್ವ ಕನ್ನಡಕ ಹಾಕ್ಕೊಂಡು ನೋಡಿದಳು. ಆಮೇಲೆ ಕೇಳಿದಳು:

“ಚೆಂದಾಗದೆ ಕಣ್ಲಾ. ಬಟ್ಟೆ ಎಷ್ಟದೆ ಅಂತ ನಿನ್ನ ಕಂಪ್ಯೂಟ್ರು ಕೇಳ್ತಾ?”

ಕೇಳಿರಲಿಲ್ಲ. ಪರದೆಯಲ್ಲಿ ಬಣ್ಣ ಖಾಲಿಯಾಗೋದೇ ಇಲ್ಲ. ಬೇಕಾದಷ್ಟು ಬಟ್ಟೆ ಇದೆ ಅಂತ ನಂಬಿಕೊಂಡು ಮಾಡಿದ ಯಂತ್ರ ಅದು. ಕೌದಿ ಶುರುವಾಗೋದೇ ಬಟ್ಟೆ ಸಾಲದು ಅನ್ನೋ ಕಡೆಯಿಂದ.

ಎರಡನೇ ತಪ್ಪನ್ನ ಅವ್ವ ಬೆರಳಿಟ್ಟು ತೋರಿಸಿದಳು. ವಜ್ರದ ಥರ ಓರೆಯಾಗಿ ಕತ್ತರಿಸಿದ ಅಂಚು ಎಳೆದರೆ ಹಿಗ್ಗುತ್ತೆ, ಹಳೇ ಬಟ್ಟೆ ಇನ್ನೂ ಹಿಗ್ಗುತ್ತೆ. ಎಂಟು ಚೂಪು ಒಂದೇ ಕಡೆ ಸೇರಿದರೆ ನಡುವೆ ಗಂಟು ಎದ್ದು ಬೆನ್ನಿಗೆ ಒತ್ತುತ್ತೆ. “ಇದರ ಮ್ಯಾಲೆ ಮಲಗೋರು ಯಾರು?” ಅಂದಳು. ಹೌದಲ್ವಾ. ಕೌದಿ ಗೋಡೆಗೆ ತೂಗು ಹಾಕೋದಲ್ಲ, ಮಗು ಮಲಗಿಸೋದು.

ಮೂರನೆಯದು, ನಾನು ನಡುವಿನಿಂದ ಶುರು ಮಾಡಿದ್ದೆ. ಅವ್ವ ಅಂಚಿನಿಂದ ಶುರು ಮಾಡ್ತಾಳೆ. ಅಡಿಗೆ ಹಳೇ ಸೀರೆ ಹಾಸಿ, ಮೇಲೆ ತುಂಡು ಇಟ್ಟು, ಅಂಚು ಮಡಿಚಿ, ಸೂಜಿ ಮೇಲೆ ಕೆಳಗೆ ಆಡಿಸಿಕೊಂಡು ಸಾಲು ಸಾಲಾಗಿ ಹೊಲೀತಾ ಬರೋದು. “ನಡುಮಧ್ಯಕ್ಕೆ ಒಳ್ಳೆ ಬಟ್ಟೆ ಎಲ್ಲಾ ಸುರಿದುಬುಟ್ರೆ ಅಂಚಿಗೆ ಏನ್ ಹಾಕ್ತೀಯ? ಕೌದಿ ಹರಿಯೋದೇ ಅಂಚಲ್ಲಿ.” ಇಷ್ಟು ವರ್ಷದಲ್ಲಿ ಎಷ್ಟೋ ಬಜೆಟ್ ಭಾಷಣ ಕೇಳಿದ್ದೀನಿ, ಇಷ್ಟು ಸರಿಯಾದ ಮಾತು ಕೇಳಿಲ್ಲ.

ವಾಪಸ್ ಬಂದು ಕೆಲಸ ಉಲ್ಟಾ ಮಾಡಿದೆ. ಮೊದಲು ಇರೋ ತುಂಡುಗಳನ್ನೆಲ್ಲ ಅಳೆದು ಎಕ್ಸೆಲ್ಲಿಗೆ ಹಾಕಿದೆ. ಉದ್ದ, ಅಗಲ, ಬಣ್ಣ, ಯಾರ ಬಟ್ಟೆ. ಗುಮಾಸ್ತನ ಬುದ್ಧಿ, ದಾಸ್ತಾನು ಪುಸ್ತಕ ಬರೆದ ಹಾಗೆ. ಆಮೇಲೆ ವಜ್ರ ಬಿಟ್ಟು ಚೌಕಕ್ಕೆ ಬಂದೆ. ನಾಲ್ಕು ಅಡ್ಡ, ನಾಲ್ಕು ಉದ್ದ, ಹದಿನಾರು ಖಾನೆ. ನಡುವಿನ ನಾಲ್ಕು ನಕ್ಷತ್ರದ ಹೊಟ್ಟೆ. ಮೂಲೆಯ ನಾಲ್ಕು ಆಕಾಶ. ಉಳಿದ ಎಂಟನ್ನ ಮೂಲೆಯಿಂದ ಮೂಲೆಗೆ ಅರ್ಧ ಮಾಡಿದರೆ ಎಂಟು ಚೂಪು ಬರುತ್ತೆ. ಒಂದು ಖಾನೆ 4 ಇಂಚು ಬೇಕಾದರೆ ಮಡಿಚೋಕೆ ಸುತ್ತ ಕಾಲಿಂಚು ಸೇರಿಸಿ ನಾಲ್ಕೂವರೆ ಕತ್ತರಿಸಬೇಕು. ಅರ್ಧ ಮಾಡೋ ಚೌಕಕ್ಕೆ ಹತ್ತಿರ ಹತ್ತಿರ 5 ಇಂಚು. ಈ ಲೆಕ್ಕ ಹಾಕಿಟ್ಟರೆ ಯಾವ ತುಂಡು ಎಲ್ಲಿಗೆ ಸಾಲುತ್ತೆ ಅಂತ ಎಕ್ಸೆಲ್ಲೇ ಹೇಳುತ್ತೆ. ಕಂಪ್ಯೂಟರ್ ಮಾಡಬೇಕಾದ ಕೆಲಸ ಇದು. ಬಟ್ಟೆ ಹಾಳಾಗೋ ಮೊದಲೇ ಹತ್ತು ಸಲ ಜೋಡಿಸಿ ನೋಡಬಹುದು, ತಪ್ಪಿದರೆ ಅಳಿಸಬಹುದು. ಬಡವರ ಬಟ್ಟೆ ಉಳಿಸೋಕೆ ಇದಕ್ಕಿಂತ ಒಳ್ಳೆ ಕತ್ತರಿ ಇಲ್ಲ.

ಎರಡನೇ ಪ್ರಿಂಟ್ ನೋಡಿ ಅವ್ವ ಒಪ್ಪಿದಳು. ಒಂದು ಕಡೆ ಬಿಟ್ಟು. ಮೂಲೆಯ ಒಂದು ಖಾನೆಗೆ ನೀಲಿ ಸಾಲುತ್ತಿರಲಿಲ್ಲ. ಅಂಗಡಿಯಿಂದ ಅರ್ಧ ಮೀಟರ್ ತರ್ತೀನಿ ಅಂದೆ. ಬೇಡ ಅಂದಳು. ಅಪ್ಪನ ಖಾಕಿ ಹಾಕಿದಳು. ಜಾಹೀರಾತಿನವರು ಕದ್ದದ್ದರಲ್ಲೂ ಅದೇ ಇತ್ತು ನೋಡಿ, ಬೇರೆ ಬಣ್ಣದ ಮೂಲೆ. ಅದನ್ನ ಅವರು ಅಲಂಕಾರ ಅಂದುಕೊಂಡರು. ಅದು ಅಲಂಕಾರ ಅಲ್ಲ, ಆ ವರ್ಷ ಬಟ್ಟೆ ಸಾಲಲಿಲ್ಲ.

ಈಗ ಕೇರಿಯ ಹುಡುಗೀರು ಕಲೀತಿದ್ದಾರೆ. ಗಾರ್ಮೆಂಟ್ಸ್‌ಗೆ ಹೋಗಿ ಬಂದು, ರಜೆ ದಿನ ಕಂಪ್ಯೂಟರ್ ಮುಂದೆ ಕೂರ್ತಾರೆ. ವಾರವಿಡೀ ಯಾರೋ ಕಳಿಸಿದ ಡಿಸೈನಿಗೆ ಹೊಲಿಗೆ ಹಾಕೋ ಕೈಗಳು ಭಾನುವಾರ ತಮ್ಮ ಡಿಸೈನ್ ತಾವೇ ಮಾಡ್ತವೆ. ಅವರಲ್ಲಿ ಒಬ್ಬಳು ತನ್ನ ನಕ್ಷತ್ರದ ಫೈಲಿಗೆ ‘ರೋಹಿತ್’ ಅಂತ ಹೆಸರಿಟ್ಟಿದ್ದಾಳೆ. ನಾನು ಹೇಳಿಕೊಟ್ಟಿದ್ದಲ್ಲ. ನಕ್ಷತ್ರಗಳ ಬಗ್ಗೆ ಬರೆಯೋ ಕನಸಿದ್ದ ಆ ಹುಡುಗ 2016ರ ಜನವರಿ 17ರಂದು ನಮ್ಮನ್ನ ಬಿಟ್ಟು ಹೋದಾಗ ಇವಳಿನ್ನೂ ಪ್ರೈಮರಿ ಸ್ಕೂಲು.

ಕೊನೆಗೆ ಒಂದು ಕೋರಿಕೆ. ನಿಮ್ಮ ಮನೇಲಿ ಹಳೇ ಕೌದಿ ಇದ್ದರೆ ಪೆಟ್ಟಿಗೆಯಿಂದ ತೆಗೆದು ಬಿಸಿಲಿಗೆ ಹಾಕಿ. ಫೋಟೋ ತೆಗೆಯಿರಿ. ಹೊಲಿದವರ ಹೆಸರು, ಊರು, ಸುಮಾರು ಯಾವ ವರ್ಷ, ಯಾವ ತುಂಡು ಯಾರ ಬಟ್ಟೆ ಅನ್ನೋದನ್ನ ಕೂತು ಕೇಳಿ ಬರೆದಿಡಿ. ಅವರು ಇರುವಾಗಲೇ ಕೇಳಿ. ಅವರು ಒಪ್ಪಿದರೆ ಮಾತ್ರ ಹಂಚಿಕೊಳ್ಳಿ, ಹೆಸರಿಲ್ಲದೆ ಹಂಚಬೇಡಿ. ಯಾರಾದರೂ ಫೋಟೋ ತೆಗೆಯೋಕೆ ಬಂದರೆ ಟೀ ಕೊಡಿ, ಜೊತೆಗೆ ಒಂದು ಕಾಗದಕ್ಕೆ ಸಹಿನೂ ತಗೊಳ್ಳಿ.

ಅವ್ವನಿಗೆ ಓದು ಬರಹ ಇಲ್ಲ. ಬ್ಯಾಂಕಲ್ಲಿ ಇವತ್ತಿಗೂ ಹೆಬ್ಬೆಟ್ಟು. ಹೊಸ ಕೌದಿ ಮುಗಿದ ದಿನ ನಾನು ಚಾಕ್‌ಪೀಸಲ್ಲಿ ಅವಳ ಹೆಸರನ್ನ ಆ ಖಾಕಿ ತುಂಡಿನ ಮೇಲೆ ಬರೆದುಕೊಟ್ಟೆ. ಅವಳು ಬಿಳಿ ದಾರದಲ್ಲಿ ಅದರ ಮೇಲೆ ಹೊಲಿದಳು. ನಾಲ್ಕು ಅಕ್ಷರಕ್ಕೆ ಅರ್ಧ ಗಂಟೆ ಹಿಡೀತು. ಒಂದು ಒತ್ತು ತಪ್ಪಿದೆ. ಸರಿ ಮಾಡಲಾ ಅಂದೆ, “ಇರ್ಲಿ ಬುಡ್ಲಾ, ನಂದು ಅಂತ ಗೊತ್ತಾಯ್ತದೆ” ಅಂದಳು.

ಆ ಹೆಸರನ್ನ ಇಲ್ಲಿ ಬರೆಯಲ್ಲ. ಕೌದಿ ಮೇಲಿದೆ.

ಜೈ ಭೀಮ್.