ಕಾಟಕಾಯಿಯೋ, ಸಂಗ್ರಾಮವೋ?

ನಾನು ಹುಟ್ಟಿ ಬೆಳೆದದ್ದು ಬಂಟ್ವಾಳದ ಸಮೀಪದ ಒಂದು ಹಳ್ಳಿಯಲ್ಲಿ. ನಮ್ಮ ಅಜ್ಜಿಗೆ ಇಸವಿಗಳ ಲೆಕ್ಕ ತಿಳಿಯದು. ಬಹಳ ಹಳೆಯದೆಂದು ಹೇಳಬೇಕಾದಾಗ ಅವರು "ಅದು ಕಾಟಕಾಯಿಯ ಕಾಲದ್ದು" ಎನ್ನುತ್ತಿದ್ದರು. ಕಾಟಕಾಯಿ ಎಂದರೆ ಲೂಟಿ, ದರೋಡೆ. ಕಲ್ಯಾಣಪ್ಪನೆಂಬವನು ಸುಳ್ಯದ ಕಡೆಯಿಂದ ಜನ ಕಟ್ಟಿಕೊಂಡು ಬಂದನಂತೆ. ನಮ್ಮ ಹಿರಿಯರು ಒಡವೆಗಳನ್ನು ತಾಮ್ರದ ಕೊಡದಲ್ಲಿಟ್ಟು ತೋಟದಲ್ಲಿ ಹೂಳಿದರಂತೆ. ಕಾಲೇಜು ಮೆಟ್ಟಲು ಹತ್ತುವವರೆಗೂ ಕಲ್ಯಾಣಪ್ಪನು ಕಳ್ಳರ ನಾಯಕನೆಂದೇ ನಾನು ನಂಬಿದ್ದೆ.

ನಡೆದದ್ದು 1837ರಲ್ಲಿ. ಅದಕ್ಕೆ ಮೂರು ವರ್ಷ ಮೊದಲು, 1834ರಲ್ಲಿ, ಕಂಪನಿ ಸರ್ಕಾರವು ಕೊಡಗಿನ ದೊರೆ ಚಿಕ್ಕವೀರರಾಜನನ್ನು ಪದಚ್ಯುತಗೊಳಿಸಿತ್ತು. ಅವನ ಆಳ್ವಿಕೆಗೆ ಒಳಪಟ್ಟಿದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳು ಕೆನರಾ ಜಿಲ್ಲೆಗೆ ಸೇರಿದವು. ಹಾಲೇರಿ ಅರಸರಿಗೆ ದವಸಧಾನ್ಯದ ರೂಪದಲ್ಲಿ ಕಂದಾಯ ಸಲ್ಲಿಸುತ್ತಿದ್ದ ರೈತನು ಇನ್ನು ನಗದು ಹಣ ಎಣಿಸಬೇಕಾಯಿತು. ಬೆಳೆ ಮನೆಯಲ್ಲಿದ್ದರೂ ರೊಕ್ಕಕ್ಕಾಗಿ ಸಾಹುಕಾರನ ಜಗಲಿಯಲ್ಲಿ ಕಾಯುವ ಗತಿ. ಆ ವರ್ಷದ ಮಾರ್ಚ್ ಕೊನೆಗೆ ಕೆದಂಬಾಡಿ ರಾಮಯ್ಯ ಗೌಡರ ಮುಂದಾಳುತನದಲ್ಲಿ ರೈತರು ಎದ್ದರು. ಅಟ್ಲೂರು ರಾಮಪ್ಪಯ್ಯನೆಂಬ ಸರ್ಕಾರಿ ಅಧಿಕಾರಿಯ ಕೊಲೆಯಾಯಿತು. ಏಪ್ರಿಲ್ ಮೊದಲ ವಾರದಲ್ಲಿ ಮಂಗಳೂರೇ ಅವರ ಕೈಸೇರಿತು. ಸೆರೆಮನೆಯ ಬಾಗಿಲು ತೆರೆಯಿತು, ಕಚೇರಿಗಳು ಹೊತ್ತಿ ಉರಿದವು. ಸುಮಾರು ಎರಡು ವಾರಗಳ ಬಳಿಕ ಕಂಪನಿಯ ಸೈನ್ಯ ಬಂದಿತು. ಮುಂದೆ ಕಲ್ಯಾಣಪ್ಪನಿಗೆ ಬಿಕರ್ನಕಟ್ಟೆಯಲ್ಲಿ, ಗುಡ್ಡೆಮನೆ ಅಪ್ಪಯ್ಯ ಗೌಡರಿಗೆ ಮಡಿಕೇರಿಯಲ್ಲಿ ನೇಣು.

ಕಲ್ಯಾಣಪ್ಪನೆಂಬ ಹೆಸರೂ ಎರವಲಿನದೇ. ಪುಟ್ಟಬಸಪ್ಪನೆಂಬಾತನು ರಾಜವಂಶದ ಕಲ್ಯಾಣಸ್ವಾಮಿ ತಾನೆಂದು ಹೇಳಿಕೊಂಡು ಬಂದಿದ್ದ. ಅವನ ಹೆಸರಿನಲ್ಲಿ ಹೊರಟ ನಿರೂಪಗಳು ಕಂದಾಯದ ಮಾಫಿಯನ್ನೂ, ಉಪ್ಪು ಹೊಗೆಸೊಪ್ಪುಗಳ ಸುಂಕದ ರದ್ದತಿಯನ್ನೂ ಸಾರಿದವು. ಆ ಧಾಟಿ ಬಂಡುಕೋರನದಲ್ಲ, ಅರಸನದು. ಅವರ ದೃಷ್ಟಿಯಲ್ಲಿ ಅಕ್ರಮವಾಗಿ ನುಗ್ಗಿದವನು ಕಂಪನಿಯವನೇ; ತಾವು ಮಾಡಿದ್ದು ದಂಗೆಯಲ್ಲ.

ಕಂಪನಿಯ ಶಬ್ದಕೋಶ ಬೇರೆ. ತನ್ನ ಪರ ನಿಂತ ಕೊಡಗರಿಗೆ ಅದು ಪದಕಗಳನ್ನು ಹಂಚಿತು. ಒಂದು ಮುಖದಲ್ಲಿ ಇಂಗ್ಲಿಷ್, ಇನ್ನೊಂದರಲ್ಲಿ ಕನ್ನಡ ಲಿಪಿ, ಹೊಗಳಿದ್ದು 'ನಿಷ್ಠೆ'ಯನ್ನು. ಮೂರು ವರ್ಷದ ಹಿಂದಷ್ಟೇ ಬಂದ ಒಡೆಯನಿಗೆ ಸಲ್ಲಿಸಿದ ನಿಷ್ಠೆ ಅದು!

ಇದು ಬರಿಯ ಶಬ್ದವ್ಯಾಮೋಹದ ಚರ್ಚೆಯಲ್ಲ. ಇಪ್ಪತ್ತು ವರ್ಷಗಳ ಬಳಿಕ, 1857ರ ಜುಲೈ 27ರಂದು, ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಡಿಸ್ರೇಲಿ ಎದ್ದು ಕೇಳಿದ: ಉತ್ತರ ಹಿಂದೂಸ್ಥಾನದಲ್ಲಿ ನಡೆಯುತ್ತಿರುವುದು ಸಿಪಾಯಿಗಳ ದಂಗೆಯೋ, ರಾಷ್ಟ್ರದ ಬಂಡಾಯವೋ? ಹೆಸರಿಗೆ ತಕ್ಕಂತೆ ಮದ್ದೂ ಬೇರೆಯಾಗುತ್ತದೆಂಬುದು ಅವನಿಗೆ ಗೊತ್ತಿತ್ತು. ದಂಗೆಯೆಂದರೆ ಸಿಪಾಯಿಗೆ ಶಿಕ್ಷೆ. ಬಂಡಾಯವೆಂದರೆ ಆಳಿದ ರೀತಿಗೇ ವಿಚಾರಣೆ. ಸುಳ್ಯದಲ್ಲಿಯೂ ಹಾಗೆಯೇ. ಕಾಟಕಾಯಿ ಎಂದೊಡನೆ ಅದು ಪೋಲೀಸರ ಕೆಲಸ. ನಗದು ಕಂದಾಯದ ಪ್ರಶ್ನೆ ಮಾತಿನಿಂದಲೇ ಜಾರಿಹೋಗುತ್ತದೆ.

ಹಾಗೆಂದು ಈಚೆಗೆ ರೂಢಿಯಾಗಿರುವ 'ಸ್ವಾತಂತ್ರ್ಯ ಸಂಗ್ರಾಮ' ಎಂಬ ಹೆಸರೂ ನನಗೆ ಪೂರ್ತಿ ಸಮ್ಮತವಲ್ಲ. 2022ರಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆ ನಿಂತಾಗ ನನಗೂ ಸಂತೋಷವಾಯಿತು. ಆದರೆ ಆ ರೈತರು ಬಯಸಿದ್ದು ತಮ್ಮ ಹಳೆಯ ಅರಸೊತ್ತಿಗೆಯನ್ನು. ನಾವು ಇಂದು ಸ್ವಾತಂತ್ರ್ಯವೆನ್ನುವುದನ್ನು ಅವರ ಬಾಯಲ್ಲಿ ತುರುಕುವುದು ನ್ಯಾಯವಲ್ಲ. ಸಂಗ್ರಾಮವೆಂಬ ದೊಡ್ಡ ಮಾತಿನ ಅಡಿಯಲ್ಲಿ ರಾಮಪ್ಪಯ್ಯನ ಹೆಣವೂ ಮರೆಯಾಗುತ್ತದೆ, ಬಂಟ್ವಾಳದ ಗೃಹಸ್ಥರ ಭಯವೂ ಮರೆಯಾಗುತ್ತದೆ. ಕಾಟಕಾಯಿ ಎಂದವರೆಲ್ಲ ಕಂಪನಿಯ ಬಾಲಬಡುಕರಲ್ಲ. ಅಜ್ಜಿಗೆ ಆ ಮಾತನ್ನು ಕಲಿಸಿದ್ದು ಯಾವ ಕಲೆಕ್ಟರನೂ ಅಲ್ಲ.

ಬರೆಯುವಾಗ ನಾನು 'ಬಂಡಾಯ' ಎನ್ನುತ್ತೇನೆ. 1979ರಲ್ಲಿ ನಮ್ಮ ಸಾಹಿತಿಗಳು ಸಂಘಟನೆಯೊಂದಕ್ಕೆ ಆ ಹೆಸರಿಟ್ಟ ಮೇಲೆ ಆ ಮಾತಿಗೂ ಗೌರವದ ಬಣ್ಣ ಹತ್ತಿದೆ, ಒಪ್ಪುತ್ತೇನೆ. ಆದರೂ ಎದ್ದರೆಂಬುದನ್ನಷ್ಟೇ ಹೇಳಿ, ಗೆದ್ದ ಹೊಗಳಿಕೆಯನ್ನು ಅದು ಕಡಿಮೆ ಹೊರುತ್ತದೆ. ಮನೆಯಲ್ಲಿ ಮಾತ್ರ, ಅಟ್ಟದ ಮೇಲಿನ ಆ ತಾಮ್ರದ ಕೊಡ ಕಣ್ಣಿಗೆ ಬಿದ್ದಾಗ, ಬಾಯಿಗೆ ಬರುವುದು ಇನ್ನೂ ಕಾಟಕಾಯಿಯೇ.